ಒಂದೇ ಉದ್ದ ಗಂಟೆ

ಸ್ಟೋನಿಬರ್ನ್ ಕಣಿವೆ, ಕ್ಯಾಂಟರ್‌ಬರಿ
14 ಮೇ 1961, ಭಾನುವಾರ

ಮೊರಾಗ್,

ನೀನು ಕಳಿಸಿದ ಆಲೂಗಡ್ಡೆ ಮೂಟೆ ಬಂತು. ತಳದಲ್ಲಿ ನಾಲ್ಕು ಕೊಳೆತಿದ್ದವು, ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಕೊಳೆತಿದ್ದನ್ನ ಯಾಕೆ ಹೇಳ್ತಾಳೆ ಈ ಮುದುಕಿ ಅಂದ್ಕೋಬೇಡ. ಐವತ್ತೆಂಟು ವರ್ಷದಿಂದ ಹೀಗೇ ಇದೀನಿ, ಇನ್ನು ತಿದ್ದೋಕೆ ಆಗಲ್ಲ.

ಬರೆಯೋಕೆ ಕೂತಿದ್ದು ಬೇರೆ ವಿಷಯಕ್ಕೆ. ನಮ್ಮ ಚರ್ಚಿಗೆ ಹೊಸ ಪಾದ್ರಿ ಬಂದಿದಾರಲ್ಲ, ಪ್ರಿಂಗಲ್ ಅಂತ. ಬೆಚ್ಚಗಿರೋ ಉತ್ತರದ ಕಡೆಯವರು. ಹಿಮ ಅಂದ್ರೆ ಕ್ರಿಸ್ಮಸ್ ಕಾರ್ಡಿನ ಮೇಲೆ ಅಂಟಿಸಿರೋದು ಅಂತ ತಿಳ್ಕೊಂಡಿರೋ ಮನುಷ್ಯ. ಅವರಿಗೆ ಚರ್ಚಿನ ಬೀರುವಿನಲ್ಲಿ ಹಳೇ ಪೇಪರಿನ ತುಂಡೊಂದು ಸಿಕ್ಕಿದೆ. ನಲವತ್ಮೂರರ ಜುಲೈ ಚಳಿಗಾಲದ ದೊಡ್ಡ ಹಿಮದ್ದು. 'ಹಿಮದಲ್ಲಿ ನಡೆದು ತಾಯಿ ಮಗುವನ್ನು ಉಳಿಸಿದ ಧೀರ ಮಹಿಳೆ' ಅಂತ ನನ್ನ ಫೋಟೋ ಹಾಕಿದ್ರಲ್ಲ, ಅದೇ. ಇವತ್ತು ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡ್ಕೊಂಡುಬಿಟ್ರು.

"ಮಿಸ್ ಡ್ರೆನ್ನನ್, ನೀವು ಅವರನ್ನ ಉಳಿಸಿದ ಜುಲೈ ಇಪ್ಪತ್ಮೂರು ಈ ಸಲ ಭಾನುವಾರವೇ ಬರುತ್ತೆ. ಅವತ್ತು ಕೃತಜ್ಞತೆಯ ಆರಾಧನೆ ಇಡೋಣ. ನೀವೇ ಎದ್ದು ನಿಂತು ನಡೆದದ್ದು ಹೇಳಿ ಪ್ರಾರ್ಥನೆ ಮಾಡಬೇಕು."

"ನಾನು ಮಾತಾಡೋದು ನಾಯಿಗಳ ಹತ್ರ, ಕುರಿಗಳ ಹತ್ರ ಅಷ್ಟೇ ಸ್ವಾಮಿ."

"ಕುರಿಗಳಿಗೆ ಹೇಳೋ ಹಾಗೇ ಹೇಳಿ. ನಮ್ಮ ಕರ್ತನೂ ಕುರುಬನೇ ಅಲ್ವಾ!"

ನಗ್ತಾರೆ ಬೇರೆ. ನಮ್ಮ ಚರ್ಚಿನಲ್ಲಿ ಯಾರು ಎದ್ದು ನಿಂತು ಮಾತಾಡ್ತಾರೆ ಹೇಳು. ಕೆಮ್ಮು ಬಂದ್ರೂ ನುಂಗ್ಕೊಂಡು ಸಾಯೋ ಜನ ನಾವು. ಸುತ್ತ ನಿಂತವರೆಲ್ಲ ಹೌದು ಹೌದು ಅಂದ್ರು, ನಾನು ತಲೆ ಅಲ್ಲಾಡಿಸಿದ್ದನ್ನ ಒಪ್ಪಿಗೆ ಅಂದ್ಕೊಂಡ್ರು.

ಮನೆಗೆ ಬಂದಾಗ ಗೇಟಿನ ಚಿಲಕ ತೆಗೆಯೋಕೆ ಆಗಲಿಲ್ಲ. ಬೇಲಿ ಹತ್ತಿ ಒಳಗೆ ಬಂದೆ. ನಂಗೆ ಹೆದರಿಕೆ ಆಗ್ತಿದೆ ಕಣೇ. ಜನರ ಮುಂದೆ ನಿಲ್ಲೋ ಹೆದರಿಕೆ ಅಲ್ಲ ಇದು. ಪ್ರತಿ ವರ್ಷ ಮೊದಲನೇ ಹಿಮ ಬಿದ್ದ ದಿನ ನಾನು ಹಾಸಿಗೆಯಲ್ಲಿ ಹೊದಿಕೆ ಎಳ್ಕೊಂಡು ಮಲಗಿಬಿಡ್ತೀನಿ ಅಂತ ನಿನಗೆ ಯಾವತ್ತಾದ್ರೂ ಹೇಳಿದೀನಾ? ಕೆಲಸದ ಆಳುಗಳಿಗೆ ಬೆನ್ನುನೋವು ಅಂತ ಹೇಳ್ತೀನಿ.

ನಾನು ಏನು ಹೇಳಬೇಕು ಅಂತ ನಿನಗೆ ಇಷ್ಟ? ಬರೆದು ತಿಳಿಸು. ಬೇಗ.

ಐಲ್ಸಾ ಡ್ರೆನ್ನನ್


ಪೆಬಲ್ ಬೇ
26 ಮೇ 1961

ಪ್ರೀತಿಯ ಐಲ್ಸಕ್ಕ,

ನಿಮ್ಮ ಕಾಗದ ಬಂದು ಹತ್ತು ದಿನ ಆಯ್ತು. ಬಟಾಣಿ ಬಿತ್ತನೆಗೆ ನೆಲ ಸಿದ್ಧ ಮಾಡೋದಿತ್ತು, ಇವರ ಮಂಡಿನೋವು ಬೇರೆ. ಕರ್ಸ್ಟಿ ಟೌನಿನಲ್ಲಿ ನರ್ಸ್ ಕೆಲಸ ಕಲೀತಿದಾಳೆ, ವಾರಕ್ಕೊಂದು ಕಾಗದ ಅಂತ ಹೇಳಿ ಹೋದವಳು ತಿಂಗಳಿಗೊಂದು ಹಾಕ್ತಾಳೆ. ಹದಿನೆಂಟು ತುಂಬ್ತಾ ಬಂತು ನೋಡಿ ಆ ಕೂಸಿಗೆ! ನೀವು ಕೋಟಿನೊಳಗೆ ಇಟ್ಕೊಂಡು ಬಂದ ಕೂಸು.

ಅಯ್ಯೋ ಅಕ್ಕ, ಅದಕ್ಕೆ ಅಷ್ಟೊಂದು ಯೋಚನೆ ಯಾಕೆ? ಎರಡೇ ಮಾತು. ಹಿಮ ಬಂತು, ಫೋನಿನ ತಂತಿ ಹರಿದಿತ್ತು, ನಾನು ಹುಡುಕ್ಕೊಂಡು ಹೋದೆ, ದೇವರು ಕಾಪಾಡಿದ, ಆಮೆನ್. ಕೂತ್ಕೊಂಡುಬಿಡಿ. ಪಾದ್ರಿಗಳೂ ಖುಷಿ, ಜನವೂ ಖುಷಿ.

ಫೋನಿನ ವಿಷಯ ಜಾಸ್ತಿ ಎತ್ತಬೇಡಿ. ನಮ್ಮ ಮಾವನ ಹೆಸರೂ ಬೇಡ. ಇವರು ಯುದ್ಧದಿಂದ ವಾಪಸ್ ಬಂದಾಗ ಅಪ್ಪನ ಗೋರಿ ಮಾತ್ರ ಸಿಕ್ಕಿದ್ದಲ್ವಾ. ಈಗಲೂ ಅಪ್ಪನ ಮಾತು ಬಂದ್ರೆ ಮೂರು ದಿನ ಬಾಯಿ ಬಿಡಲ್ಲ. ಹಳೇದನ್ನ ಕೆದಕೋದು ಬೇಡ ಅಕ್ಕ, ದಯವಿಟ್ಟು.

ನಾನು ಬರೋಕೆ ಆಗಲ್ಲ. ಜುಲೈನಲ್ಲಿ ಆ ಕಣಿವೆಗೆ ನಾನು ಕಾಲಿಡಲ್ಲ, ನಿಮಗೇ ಗೊತ್ತು. ಆ ಹಿಮಕ್ಕೆ ಹೋಗದೆ ಉಳಿದಿರೋ ಬೆರಳುಗಳಾದ್ರೂ ಇರಲಿ!

ನಿಮ್ಮ ಮೊರಾಗ್ ಮೆಕ್ರೇ


ಸ್ಟೋನಿಬರ್ನ್
3 ಜೂನ್ 1961

ಮೊರಾಗ್,

'ತಂತಿ ಹರಿದಿತ್ತು' ಅಂತ ಬರೆದಿದೀಯ. ಆ ಕಾಗದವನ್ನ ಏಪ್ರನ್ನಿನ ಜೇಬಿನಲ್ಲಿ ಇಟ್ಕೊಂಡು ನಾಲ್ಕು ದಿನ ಓಡಾಡಿದೆ. ತಂತಿ ಹರಿದಿರಲಿಲ್ಲ. ಸೇತುವೆಯಿಂದಾಚೆ ಊರಿನ ಕಡೆಗೆ ಹರಿದಿತ್ತು, ನಿಜ. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಎರಡೂವರೆ ಮೈಲಿ ಗಟ್ಟಿಯಾಗಿ ನಿಂತಿತ್ತು. ಇದನ್ನ ಹೇಳದೆ ಹದಿನೆಂಟು ವರ್ಷ ನಿನ್ನ ಆಲೂಗಡ್ಡೆ ತಿಂದಿದೀನಿ. ಓದಿ ಆದ ಮೇಲೆ ಕಾಗದ ಬರೆಯೋದು ಬೇಡ ಅನ್ಸಿದ್ರೆ ಬರೀಬೇಡ.

ಕಣಿವೆಯ ನಾಲ್ಕು ಮನೆಗೂ ಆಗ ಫೋನಿಗೆ ಒಂದೇ ತಂತಿ. ಯಾರು ಹಿಡಿ ತಿರುಗಿಸಿದ್ರೂ ಎಲ್ಲ ಮನೆಯ ಗಂಟೆಯೂ ಹೊಡೆಯೋದು. ಎರಡು ಗಿಡ್ಡ, ಒಂದು ಉದ್ದ ಅಂದ್ರೆ ನಾನು. ಉದ್ದ, ಗಿಡ್ಡ, ಉದ್ದ ಅಂದ್ರೆ ನೀನು. ಒಂದೇ ಉದ್ದ ಅಂದ್ರೆ ಊರಿನ ಎಕ್ಸ್‌ಚೇಂಜು. ನಿನಗೆ ಗೊತ್ತಿರೋದೇ, ಆದ್ರೂ ಬರೀತಿದೀನಿ, ಗೊತ್ತಿರೋದನ್ನ ಬರೆದ್ರೆ ಕೈಗೆ ಧೈರ್ಯ ಬರುತ್ತೆ. ಇನ್ನೊಬ್ಬರ ಗಂಟೆಗೆ ಫೋನು ಎತ್ತಬಾರದು ಅನ್ನೋದು ಕಾನೂನು. ಎಲ್ಲರೂ ಎತ್ತೋದು ರೂಢಿ. ಎಲ್ಲರಿಗಿಂತ ಜಾಸ್ತಿ ಎತ್ತುತ್ತಿದ್ದವಳು ನಾನು. ತಮ್ಮ ಯುದ್ಧಕ್ಕೆ ಹೋಗಿದ್ದ, ಮನೇಲಿ ಮೂರು ನಾಯಿ, ಒಬ್ಬಳು ನಾನು. ಸಂಜೆ ಆದ್ರೆ ಮನುಷ್ಯರ ದನಿ ಕೇಳಬೇಕು ಅನ್ಸೋದು. ಅದಕ್ಕೇ ಕಿವಿಯಮ್ಮ ಅಂತ ಹೆಸರಿಟ್ರಲ್ಲ ನನಗೆ.

ನೀನು ಬಸುರಿ ಅಂತ ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದ್ದು ನಾನು ಕೇಳಿಸ್ಕೊಂಡೆ, ಸುಮ್ಮನಿರಲಿಲ್ಲ, ಹೇಳ್ಕೊಂಡು ತಿರುಗಿದೆ. ನೀನು ಬರೆಯೋ ಮುಂಚೆ, ಈಜಿಪ್ಟಿನಲ್ಲಿ ಯುದ್ಧದಲ್ಲಿದ್ದ ನಿನ್ನ ಗಂಡ ಲಾಕಿಗೆ ಬೇರೆ ಯಾರೋ ಬರೆದುಬಿಟ್ರು. ಆಮೇಲೆ ಚರ್ಚಿನ ಅಂಗಳದಲ್ಲಿ ಎಲ್ಲರ ಮುಂದೆ ನೀನು ಕೂಗಿದ್ದು ನೆನಪಿದೆಯಾ? "ನಾನು ಸಾಯ್ತಿದ್ರೂ ನೀವು ನನ್ನ ಮಾತಿಗೆ ಕಿವಿ ಕೊಡಬೇಡಿ ಐಲ್ಸಕ್ಕ!" ಎಲ್ಲರೂ ನಕ್ಕರು. ಹಳೇ ಪಾದ್ರಿ ಬೈಬಲ್ಲಿನ ಮೇಲೆ ಕೈ ಇಡಿಸಿ, ಇನ್ನು ನನ್ನ ಗಂಟೆ ಬಿಟ್ಟು ಬೇರೆ ಗಂಟೆಗೆ ಎತ್ತಲ್ಲ ಅಂತ ಆಣೆ ಮಾಡಿಸಿದ್ರು.

ಆರು ತಿಂಗಳು ಎತ್ತಲಿಲ್ಲ. ದೇವರಾಣೆಗೂ ಎತ್ತಲಿಲ್ಲ.

ಹಿಮ ಶುರುವಾಗಿ ಮೂರನೇ ದಿನ. ಕಿಟಕಿಗಳು ಮುಚ್ಚಿಹೋಗಿ ಹಗಲು ಹನ್ನೊಂದಕ್ಕೆ ದೀಪ ಹಚ್ಚಿ ಕೂತಿದ್ದೆ. ಗಂಟೆ ಹೊಡೀತು. ಒಂದೇ ಉದ್ದ. ಯಾರೋ ಎಕ್ಸ್‌ಚೇಂಜಿಗೆ ಮಾಡ್ತಿದಾರೆ, ನನಗೇನು ಅಂದ್ಕೊಂಡೆ. ಮತ್ತೆ ಹೊಡೀತು. ಮತ್ತೆ. ಎಣಿಸ್ತಾ ಕೂತೆ ಮೊರಾಗ್, ಹೆಣಿಗೆ ಕಡ್ಡಿ ಕೈಯಲ್ಲಿ ಹಿಡ್ಕೊಂಡು. ಏಳನೇದಕ್ಕೆ ತಡೆಯೋಕಾಗದೆ ಎತ್ತಿದೆ. ಉಸಿರು ಬಿಗಿ ಹಿಡಿದು ಎತ್ತಿದೆ, ಕಳ್ಳಿ ಹಾಗೆ. ನಿನ್ನ ದನಿ. "ಯಾರಾದ್ರೂ ಇದೀರಾ? ದೇವರೇ, ಯಾರಾದ್ರೂ ಮಾತಾಡಿ." ಹಿಂದೆ ಕೂಸು ಕಿರುಚ್ತಿತ್ತು.

ನಾನು ವಾಪಸ್ ಇಟ್ಟೆ.

ಆಣೆ ಇತ್ತಲ್ಲ ಅಂತ ಆಮೇಲೆ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಸುಳ್ಳು. ಮಾತಾಡಿದ್ರೆ ಇವಳು ಇನ್ನೂ ಕದ್ದು ಕೇಳ್ತಿದಾಳೆ ಅಂತ ನಿನಗೆ ಗೊತ್ತಾಗುತ್ತೆ, ಮತ್ತೆ ಎಲ್ಲರ ಮುಂದೆ ಕೂಗ್ತೀಯ. ಅಷ್ಟೇ ಕಣೇ ತಲೇಲಿ ಬಂದಿದ್ದು. ಒಂದು ಕೂಸಿನ ಜೀವ ಒಂದು ಕಡೆ, ನನ್ನ ಮರ್ಯಾದೆ ಒಂದು ಕಡೆ. ನಾನು ಮರ್ಯಾದೆ ಆರಿಸ್ಕೊಂಡೆ.

ಇನ್ನೂ ನಾಲ್ಕು ಸಲ ಹೊಡೀತು. ಒಟ್ಟು ಹನ್ನೊಂದು. ಆಮೇಲೆ ನಿಂತುಹೋಯ್ತು. ಹೊಡೀತಿದ್ದಾಗಿನ ಹೆದರಿಕೆ ಏನೂ ಅಲ್ಲ, ನಿಂತ ಮೇಲಿನದೇ ದೊಡ್ಡ ಹೆದರಿಕೆ. ಮಧ್ಯಾಹ್ನ ಎರಡಕ್ಕೆ ನಾನೇ ನಿನ್ನ ಗಂಟೆ ತಿರುಗಿಸಿದೆ. ಉದ್ದ, ಗಿಡ್ಡ, ಉದ್ದ. ಯಾರೂ ಎತ್ತಲಿಲ್ಲ. ಆಗ ಕೋಟು ಹಾಕ್ಕೊಂಡು ನಾಯಿ ಕರ್ಕೊಂಡು ಹೊರಟೆ. ಕಂಬಗಳ ಸಾಲಿನಲ್ಲಿ ಅರ್ಧ ಮೈಲಿ ಹೋದ ಮೇಲೆ ನೀನು ಸಿಕ್ಕೆ. ಅದನ್ನ ಪೇಪರಿನವರು ಬರೆದ್ರು. ಉಳಿದಿದ್ದು ಯಾರಿಗೂ ಗೊತ್ತಿಲ್ಲ. ಏಳನೇ ಗಂಟೆಗೆ ನಾನು ಮಾತಾಡಿದ್ರೆ ನಿನ್ನ ಬೆರಳುಗಳು ಇರ್ತಿದ್ವು. ನಿಮ್ಮ ಮಾವ ಮರ್ಡೋ ಇರ್ತಿದ್ರೋ ಏನೋ.

ಈಗ ಹೇಳು, ಇದನ್ನ ಇಟ್ಕೊಂಡು ನಾನು ಎದ್ದು ನಿಂತು ದೇವರಿಗೆ ಯಾವ ಬಾಯಿಂದ ಸ್ತೋತ್ರ ಹೇಳಲಿ?

ಐಲ್ಸಾ


ಸ್ಟೋನಿಬರ್ನ್
28 ಜೂನ್ 1961

ಮೊರಾಗ್,

ಇಪ್ಪತ್ತೈದು ದಿನ ಆಯ್ತು. ಅಂಚೆ ವ್ಯಾನು ಬಂದಾಗೆಲ್ಲ ಗೇಟಿಗೆ ಓಡ್ತೀನಿ. ಡ್ರೈವರ್ ಹುಡುಗ, "ಏನಜ್ಜಿ, ಪ್ರೇಮಪತ್ರಾನಾ?" ಅಂತ ಕೇಳ್ತಾನೆ. ಬೈದು ಕಳಿಸ್ತೀನಿ.

ಬೈದು ಒಂದು ಸಾಲು ಬರಿ ಸಾಕು. ಸುಮ್ಮನಿರಬೇಡ. ನಿನ್ನೆ ಬೆಟ್ಟದ ಮೇಲೆ ಹಿಮ ಬಿತ್ತು. ಈ ಸಲ ಹಾಸಿಗೆಗೆ ಹೋಗಲಿಲ್ಲ. ಅಡುಗೆಮನೆಯಲ್ಲೇ ನಿಂತು ನೋಡಿದೆ. ಪ್ರಾರ್ಥನೆ ಮಾಡೋಣ ಅಂತ ಕಣ್ಣು ಮುಚ್ಚಿದ್ರೆ ಕೂಸು ಕಿರುಚೋದು ಕೇಳ್ಸುತ್ತೆ.

ಪಾದ್ರಿ ಪ್ರಿಂಗಲ್ ಕಾರ್ಡು ಅಚ್ಚು ಹಾಕಿಸಿದಾರೆ. ಅದರಲ್ಲಿ ನನ್ನ ಹೆಸರಿದೆ.

ಐಲ್ಸಾ


ಪೆಬಲ್ ಬೇ
5 ಜುಲೈ 1961

ಐಲ್ಸಕ್ಕ,

ನನಗೆ ಗೊತ್ತಿತ್ತು.

ಅವತ್ತೇ ಗೊತ್ತಿತ್ತು ಅಕ್ಕ. ನಿಮ್ಮ ಕಾಗದ ಓದಿ ನನಗೆ ಸಿಟ್ಟು ಬರಲಿಲ್ಲ, ಹೆದರಿಕೆ ಆಯ್ತು. ಅದಕ್ಕೇ ಬರೀಲಿಲ್ಲ. ನೀವು ನಿಮ್ಮದನ್ನ ಹೇಳಿದ್ರೆ ನಾನು ನನ್ನದನ್ನ ಹೇಳಬೇಕಾಗುತ್ತೆ.

ಏಳೋ ಎಂಟೋ ನಾನು ಎಣಿಸಿರಲಿಲ್ಲ. ಕಿವಿಯಲ್ಲಿ ಕಟ್ ಅಂತ ಸದ್ದು ಬಂತು, ಯಾರೋ ಎತ್ತಿದ್ರು. ಆಮೇಲೆ ಗಡಿಯಾರ ಹನ್ನೆರಡು ಹೊಡೆಯೋದು ಕೇಳ್ಸಿತು. ನಿಮ್ಮ ಅಡುಗೆಮನೆಯ ಗಡಿಯಾರ, ಒಂದೊಂದು ಏಟಿಗೂ ಮುಂಚೆ ಗೊರ ಗೊರ ಅಂತ ಕೆಮ್ಮೋದು. ನಾವೆಲ್ಲ ಅದನ್ನ ಕೇಳಿಯೇ ನೀವು ಕದ್ದು ಕೇಳ್ತಿದೀರಿ ಅಂತ ಕಂಡುಹಿಡೀತಿದ್ವಿ, ನಿಮಗೆ ಯಾರೂ ಹೇಳಿರಲಿಲ್ಲ. ನಾಲ್ಕು ಏಟು ಕೇಳ್ಸಿತು, ಆಮೇಲೆ ನೀವು ಇಟ್ಟುಬಿಟ್ರಿ. ನಾನು ಬಾಯಿಗೆ ಬಂದ ಹಾಗೆ ಬೈದೆ. ಕೂಸನ್ನ ಕಂಕುಳಲ್ಲಿ ಇಟ್ಕೊಂಡು, ಹೆಣ್ಣುಮಕ್ಕಳು ಬೈಬಾರದ ಮಾತೆಲ್ಲ ಬೈದೆ.

ಆಮೇಲೆ ಒಲೆಯ ಮೇಲಿನ ತೊಲೆ ಲಟಕ್ ಅಂತು. ಚಿಮಣಿ ಬೆಳಿಗ್ಗೆಯೇ ಬಿದ್ದು ಬೆಂಕಿ ಆರಿಹೋಗಿತ್ತು. ಇನ್ನು ಮನೆ ನಿಲ್ಲಲ್ಲ ಅಂತ ಗೊತ್ತಾಯ್ತು. ಕರ್ಸ್ಟಿಯನ್ನ ಉಣ್ಣೆ ಚೀಲದಲ್ಲಿ ಸುತ್ತಿ ಎದೆಗೆ ಕಟ್ಕೊಂಡು ಬಾಗಿಲು ತೆಗೆದೆ. ಬೆಳ್ಳಗೆ, ಅಷ್ಟೇ. ಭೂಮಿ ಇಲ್ಲ, ಆಕಾಶ ಇಲ್ಲ, ನನ್ನ ಕೈ ನನಗೆ ಕಾಣ್ತಿಲ್ಲ. ಎಲ್ಲಿಗೆ ಹೋಗಲಿ? ಆ ಕ್ಷಣದಲ್ಲಿ ತಲೆಗೆ ಹೊಳೀತು. ಗಡಿಯಾರ ಕೇಳ್ಸಿತು ಅಂದ್ರೆ ಐಲ್ಸಕ್ಕನ ಅಡುಗೆಮನೆ ತನಕ ತಂತಿ ಹರಿದಿಲ್ಲ. ಕಂಬದಿಂದ ಕಂಬಕ್ಕೆ ಹೋದ್ರೆ ಆ ಗಡಿಯಾರ ಇರೋ ಮನೆ ಸಿಗುತ್ತೆ. ಮಂಜುಗಟ್ಟಿ ತಂತಿ ಜೋತುಬಿದ್ದಿತ್ತು, ಹಿಮದ ದಿಬ್ಬ ಇದ್ದ ಕಡೆ ಕೈಗೇ ಸಿಗೋದು. ಅದನ್ನ ಹಿಡ್ಕೊಂಡು ಬಂದೆ.

ನೀವು ಕದ್ದು ಎತ್ತದೆ ಇದ್ದಿದ್ರೆ ನಾನು ಮಾಮೂಲಿ ಹೊಳೆಯ ದಾರಿ ಹಿಡೀತಿದ್ದೆ, ಮಾವನ ಹಾಗೆ. ಸತ್ತಿರ್ತಿದ್ದೆ. ನಿಮ್ಮನ್ನ ಬೈತಾ ಬೈತಾ ದೇವರಿಗೆ ಸ್ತೋತ್ರ ಹೇಳ್ತಾ ನಡೆದೆ ಅಕ್ಕ, ಎರಡೂ ಒಂದೇ ಉಸಿರಿನಲ್ಲಿ. ದೇವರು ನಿಮ್ಮ ಪಾಪವನ್ನೇ ಹಗ್ಗ ಮಾಡಿ ನನ್ನ ಕೈಗೆ ಕೊಟ್ಟ ಅಂತ ನನಗೆ ಇವತ್ತಿಗೂ ನಂಬಿಕೆ.

ಈಗ ನನ್ನದು.

ಚಿಮಣಿ ಬಿದ್ದ ತಕ್ಷಣ ಮಾವ ಹೇಳಿದ್ದು ಒಂದೇ ಮಾತು. "ಐಲ್ಸಾಗೆ ಫೋನ್ ಮಾಡಮ್ಮ." ಅವರಿಗೆ ಕಿವಿ ಮಂದ ಅಲ್ವಾ, ಯಾವ ಗಂಟೆ ತಿರುಗಿಸ್ತೀನಿ ಅಂತ ಗೊತ್ತಾಗಲ್ಲ. ನಾನು ನಿಮ್ಮ ಗಂಟೆ ತಿರುಗಿಸಲೇ ಇಲ್ಲ. ಒಂದು ಸಲವೂ ಇಲ್ಲ. ಸಾಯ್ತಿದ್ರೂ ಕಿವಿ ಕೊಡಬೇಡಿ ಅಂತ ಎಲ್ಲರ ಮುಂದೆ ಅಂದವಳು ನಾನು, ಈಗ ಹೇಗೆ ಕೇಳಲಿ? ಎಕ್ಸ್‌ಚೇಂಜಿಗೇ ಮಾಡ್ತಾ ಹೋದೆ. "ಐಲ್ಸಕ್ಕ ಎತ್ತುತ್ತಿಲ್ಲ ಮಾವ" ಅಂತ ಸುಳ್ಳು ಹೇಳಿದೆ. ಅವರು ಬೂಟು ಕಟ್ಕೊಂಡ್ರು. "ಹಾಗಾದ್ರೆ ಅವಳಿಗೂ ಏನೋ ಆಗಿದೆ. ನಾನೇ ಹೋಗಿ ಬರ್ತೀನಿ" ಅಂದ್ರು. ನನಗೋಸ್ಕರ ಮಾತ್ರ ಅಲ್ಲ ಅಕ್ಕ, ನಿಮಗೇನಾಯ್ತೋ ಅಂತ ನೋಡೋಕೆ ಹೋದ್ರು. ಹದಿನೆಂಟು ದಿನ ಆದ ಮೇಲೆ ಹಿಮ ಕರಗಿ ಹೊಳೆಯ ಹತ್ರ ಸಿಕ್ಕಿದ್ರಲ್ಲ.

ಇವರಿಗೆ ಇದು ಗೊತ್ತಿಲ್ಲ. ತಂತಿ ಹರಿದಿತ್ತು ಅಂತ ನಾನು ಹೇಳಿದ್ದೇ ಇವರಿಗೆ ಗೊತ್ತಿರೋದು. ನೀವು ಎದ್ದು ನಿಂತು ಗಂಟೆ ಹೊಡೀತು ಅಂದ್ರೆ ಇವರು ಮೊದಲು ಕೇಳೋ ಪ್ರಶ್ನೆ ಯಾವುದು ಹೇಳಿ. ಇಪ್ಪತ್ತು ವರ್ಷದ ಸಂಸಾರ. ನನಗೆ ಜೀವ ಬಾಯಿಗೆ ಬಂದಿದೆ. ನಿಮ್ಮ ಕಾಲಿಗೆ ಬೀಳ್ತೀನಿ ಅಕ್ಕ, ಹೇಳಬೇಡಿ.

ಮೊರಾಗ್


ಸ್ಟೋನಿಬರ್ನ್
9 ಜುಲೈ 1961

ಮೊರಾಗ್,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೊದಲನೇ ಸಲ ಅತ್ತೆ. ಎರಡನೇ ಸಲ ಹೋಗಿ ಗಡಿಯಾರಕ್ಕೆ ಕೀ ಕೊಟ್ಟೆ, ಯಾಕೆ ಅಂತ ಗೊತ್ತಿಲ್ಲ, ಅದು ನಿಂತು ಎಷ್ಟೋ ವರ್ಷ ಆಗಿತ್ತು. ಮರ್ಡೋ ನನ್ನ ನೋಡೋಕೆ ಅಂತ ಹೊರಟ್ರು ಅನ್ನೋ ಸಾಲು ಮಾತ್ರ ಪ್ರತಿ ಸಲವೂ ಹೊಸದಾಗಿ ಚುಚ್ಚುತ್ತೆ.

ಹೇಳಲ್ಲ. ಕಾಲಿಗೆ ಗೀಲಿಗೆ ಬೀಳಬೇಡ, ಅದೆಲ್ಲ ನನಗೆ ಇಷ್ಟ ಆಗಲ್ಲ. ಪ್ರಿಂಗಲ್ ಹತ್ರ ಎದೆನೋವು ಅಂತ ಹೇಳ್ತೀನಿ. ನಿಂತು ಸುಳ್ಳು ಹೇಳೋದಕ್ಕಿಂತ ಮಲಗಿ ಸುಳ್ಳು ಹೇಳೋದು ವಾಸಿ.

ಒಂದು ಮಾತು ಮಾತ್ರ ಹೇಳ್ತೀನಿ, ಸಿಟ್ಟಾಗಬೇಡ. ನಾನು ಹೇಳದೆ ಇದ್ದಿದ್ದು ನಿನಗೆ ಹೆದರಿ. ನೀನು ಹೇಳದೆ ಇದ್ದಿದ್ದು ಗಂಡನಿಗೆ ಹೆದರಿ. ನಿನಗೆ ಹೇಳಿದ ಮೇಲೆ, ನೀನು ಬೈಯೋ ಮುಂಚೆಯೇ, ನನಗೆ ಸ್ವಲ್ಪ ನಿದ್ದೆ ಬಂತು. ಅಷ್ಟೇ.

ಐಲ್ಸಾ


ಪೆಬಲ್ ಬೇ
17 ಜುಲೈ 1961

ಐಲ್ಸಕ್ಕನವರಿಗೆ,

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ರೆ ಕ್ಷಮಿಸಿ.

ಬುಧವಾರ ಮೊರಾಗ್ ಎಲ್ಲಾ ಹೇಳಿದಳು. ನಿಮ್ಮ ಕಾಗದಗಳನ್ನೂ ಮುಂದೆ ಇಟ್ಟಳು. ನಾನು ಟ್ರ್ಯಾಕ್ಟರ್ ಶೆಡ್ಡಿಗೆ ಹೋಗಿ ಕೂತೆ. ಮೂರು ದಿನ ಅಲ್ಲೇ ಇದ್ದೆ, ಊಟ ಅಲ್ಲಿಗೇ ತಂದಿಟ್ಟಳು. ಸಿಟ್ಟು ಯಾರ ಮೇಲೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಕ್ಷಮಿಸಿದೀನಿ ಅಂತ ಬರೆದ್ರೆ ಸುಳ್ಳಾಗುತ್ತೆ, ಅದಕ್ಕೆ ಬರೆಯಲ್ಲ.

ಎದೆನೋವು ಅಂತ ಹೇಳಬೇಡಿ. ಎದ್ದು ನಿಂತು ಇದ್ದಿದ್ದು ಇದ್ದ ಹಾಗೆ ಹೇಳಿ. ನಮ್ಮಪ್ಪ ತಂತಿ ಹರಿದು ಸತ್ತ ಅಂತ ಹದಿನೆಂಟು ವರ್ಷ ತಿಳ್ಕೊಂಡಿದ್ದೆ. ಅವನು ನಿಮ್ಮನ್ನ ನೋಡೋಕೆ ಹೋಗಿ ಸತ್ತ ಅಂತ ಈಗ ಗೊತ್ತಾಯ್ತು. ಅದು ಊರಿಗೆ ಗೊತ್ತಾಗಬೇಕು. ಅವನ ಹೆಸರು ಹೇಳಿ.

ನಾನು ಬರ್ತೀನಿ, ನಮ್ಮ ಹಳೇ ಬೆಂಚಿನಲ್ಲಿ ಕೂತಿರ್ತೀನಿ. ಮಧ್ಯದಲ್ಲಿ ನಾನು ಎದ್ದು ಹೊರಗೆ ಹೋದ್ರೆ ನೀವು ನಿಲ್ಲಿಸಬೇಡಿ, ಪೂರ್ತಿ ಹೇಳಿ. ಮೊರಾಗ್ ಮಾಡಿದ್ದನ್ನ ಹೇಳೋದು ನಿಮ್ಮ ಕೆಲಸ ಅಲ್ಲ. ಅದನ್ನ ಹೇಳು ಅಂತ ಅವಳೇ ನನಗೆ ಒಪ್ಪಿಸಿದಾಳೆ.

ಲಾಕ್ಲನ್ ಮೆಕ್ರೇ


ಸ್ಟೋನಿಬರ್ನ್
24 ಜುಲೈ 1961, ಸೋಮವಾರ

ಮೊರಾಗ್,

ನಿನ್ನ ಗಂಡ ಮನೆ ಸೇರಿರ್ತಾನೆ, ಆದ್ರೆ ಬಾಯಿ ಬಿಟ್ಟಿರಲ್ಲ. ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ಬರೀತಿದೀನಿ, ಕುರಿಗಳು ಕಾಯಲಿ.

ಚರ್ಚು ತುಂಬಿತ್ತು. ಹೊರಗೆ ಸಣ್ಣಗೆ ಹಿಮ ಬೀಳ್ತಿತ್ತು. ಪ್ರಿಂಗಲ್ ನನ್ನ ಹೆಸರು ಕರೆದ್ರು. ಎದ್ದೆ, ಮುಂದಿನ ಬೆಂಚಿನ ಬೆನ್ನು ಎರಡು ಕೈಯಲ್ಲಿ ಹಿಡ್ಕೊಂಡೆ. ಲಾಕಿ ಕಡೆ ನೋಡಲೇ ಇಲ್ಲ, ನೋಡಿದ್ರೆ ಅಲ್ಲೇ ಬೀಳ್ತಿದ್ದೆ. ಹೇಳಿದೆ. ಕಿವಿಯಮ್ಮ ಅಂತ ಹೆಸರು ಬಂದಿದ್ದು, ಆಣೆ, ಏಳನೇ ಗಂಟೆ, ಕೂಸಿನ ಅಳು, ನಾನು ಕೆಳಗಿಟ್ಟಿದ್ದು. ಮರ್ಡೋ ಮೆಕ್ರೇ ಸತ್ತಿದ್ದಕ್ಕೆ ನಾನೂ ಕಾರಣ ಅಂದೆ. "ಪೇಪರಿನಲ್ಲಿ ಬಂದ ಹೆಂಗಸು ನಾನಲ್ಲ" ಅಂದೆ.

ಪ್ರಿಂಗಲ್ ಮುಖ ನೋಡೋ ಹಾಗಿರಲಿಲ್ಲ, ಪಾಪ, ಅಚ್ಚು ಹಾಕಿಸಿದ ಕಾರ್ಡು ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ಕೂತ್ಕೊಳ್ಳೋದೋ ಹೊರಗೆ ಹೋಗೋದೋ ಗೊತ್ತಾಗದೆ ನಾನೂ ನಿಂತೇ ಇದ್ದೆ.

ಆಗ ಹಿಂದಿನ ಬೆಂಚಿನಲ್ಲಿ ಸದ್ದಾಯ್ತು. ಸೇತುವೆ ಪಕ್ಕದ ಮನೆಯ ಮುದುಕ ಟ್ಯಾಮ್ ಗೆಡ್ಡಿಸ್ ಕೋಲೂರಿಕೊಂಡು ಎದ್ದ.

"ನಮ್ಮನೇಲೂ ಹೊಡೀತು" ಅಂದ. "ಹನ್ನೊಂದು ಸಲ. ನಾನೂ ಹೆಂಡ್ತೀನೂ ಇಸ್ಪೀಟು ಆಡ್ತಿದ್ವಿ. ಎತ್ತೋಣ್ವಾ ಅಂದ್ಲು. ಬಿಡೇ, ಐಲ್ಸಾ ಎತ್ತಿರ್ತಾಳೆ ಅಂದೆ ನಾನು."

ಅವನು ಕೂತ್ಕೊಳ್ಳೋ ಮುಂಚೆ ಬ್ಯಾಕ್ಸ್‌ಟರ್ ಅಕ್ಕತಂಗೀರು ಎದ್ರು, ಇಬ್ಬರೂ ಒಟ್ಟಿಗೆ, ಕೈ ಕೈ ಹಿಡ್ಕೊಂಡು. "ನಾವೂ ಕೇಳಿದ್ವಿ. ಐಲ್ಸಾ ಇದಾಳಲ್ಲ ಅಂತ ನಾವೂ ಸುಮ್ಮನಿದ್ವಿ" ಅಂತ ದೊಡ್ಡವಳು ಹೇಳಿದಳು. ಚಿಕ್ಕವಳು ಬಿಕ್ಕಿ ಬಿಕ್ಕಿ ಅಳ್ತಿದ್ದಳು. ಹದಿನೆಂಟು ವರ್ಷ ಅಕ್ಕನಿಗೆ ತಂಗಿ, ತಂಗಿಗೆ ಅಕ್ಕ ಆ ಮಾತು ಎತ್ತಿರಲಿಲ್ಲವಂತೆ, ಒಂದೇ ಮನೇಲಿ ಇದ್ಕೊಂಡು.

ನೋಡಿದೆಯಾ ಮೊರಾಗ್? ನಾಲ್ಕು ಮನೆ. ಒಬ್ಬೊಬ್ಬರೂ ತಾನೊಬ್ಬನೇ ಪಾಪಿ ಅಂತ ಬಾಗಿಲು ಹಾಕ್ಕೊಂಡು ಕೂತಿದ್ವಿ.

ಕೊನೆಗೆ ಲಾಕಿ ಎದ್ದ. ಹೊರಗೆ ಹೋಗ್ತಾನೆ ಅಂದ್ಕೊಂಡೆ. ಹೋಗಲಿಲ್ಲ. "ನಮ್ಮಪ್ಪ ಐಲ್ಸಕ್ಕನಿಗೆ ಫೋನ್ ಮಾಡು ಅಂದಿದ್ರು. ನನ್ನ ಹೆಂಡತಿ ಮಾಡಲಿಲ್ಲ. ಹಟ. ಅವಳೇ ಹೇಳಿ ಕಳಿಸಿದಾಳೆ" ಅಂದ. ಅಷ್ಟು ಹೇಳಿ ಕೂತ್ಕೊಂಡ. ನಿನ್ನ ಬಗ್ಗೆ ಯಾರ ಮುಖದಲ್ಲೂ ಕೆಟ್ಟದ್ದು ಕಾಣಲಿಲ್ಲ ಕಣೇ. ನಾನು ಒಂದೊಂದು ಮುಖಾನೂ ನೋಡಿದೆ, ನಿನಗೆ ಹೇಳಬೇಕು ಅಂತಲೇ ನೋಡಿದೆ.

ಪ್ರಾರ್ಥನೆ ನಾನೇ ಮಾಡಬೇಕಿತ್ತಲ್ಲ. ಬರೆದು ತಂದಿದ್ದ ಚೀಟಿ ಎಲ್ಲೋ ಬಿದ್ದುಹೋಗಿತ್ತು. "ಕರ್ತನೇ, ನಿನ್ನ ಕಣ್ಣು ತಪ್ಪಿಸ್ಕೊಂಡು ಇಷ್ಟು ವರ್ಷ ತಿರುಗಿದೆ. ನೀನು ಕೂಸನ್ನ ಉಳಿಸಿದೆ. ಉಳಿಸೋಕೆ ನಿನಗೆ ಸಿಕ್ಕಿದ್ದು ನಮ್ಮಂಥವರೇ. ಆದ್ರೂ ಉಳಿಸಿದೆ. ನಿನಗೆ ಸ್ತೋತ್ರ" ಅಂದೆ. ಅಷ್ಟೇ ಬಂತು. ನಲವತ್ಮೂರರಿಂದ ಈಚೆಗೆ ನಾನು ಬಾಯಿ ತುಂಬ ಸ್ತೋತ್ರ ಹೇಳಿದ್ದು ಇದೇ ಮೊದಲು. ಹೆದರಿಕೆ ಹೋಯ್ತಾ ಅಂತ ಕೇಳಬೇಡ. ಹೋಗಿಲ್ಲ. ಹೆದರ್ಕೊಂಡೇ ಹೇಳಿದೆ, ದೇವರು ಕೇಳಿಸ್ಕೊಂಡ.

ಬಾಗಿಲಲ್ಲಿ ಟ್ಯಾಮ್ ಬಂದು ಲಾಕಿಗೆ ಕೈ ಚಾಚಿದ. ಲಾಕಿ ಹಿಡ್ಕೊಂಡ. ಬ್ಯಾಕ್ಸ್‌ಟರ್ ಅಕ್ಕತಂಗೀರ ಕೈಯೂ ಹಿಡ್ಕೊಂಡ. ಆಮೇಲೆ ನಾನು ಚಾಚಿದೆ. ಅವನು ನನ್ನ ಕೈಯನ್ನೇ ನೋಡ್ತಾ ನಿಂತ. ಅವನ ಕೈ ಜೇಬಿಗೆ ಹೋಯ್ತು.

"ನಿಮ್ಮದು ಇವತ್ತು ಆಗ್ತಿಲ್ಲ ಐಲ್ಸಕ್ಕ" ಅಂದ. "ಮುಂದಿನ ಜುಲೈಗೆ ಬರ್ತೀನಿ."

ಚಾಚಿದ ಕೈ ನಾನು ಕೆಳಗೆ ಇಳಿಸಿದೆ. ಬೇಜಾರಾಗಲಿಲ್ಲ ಮೊರಾಗ್, ಸತ್ಯವಾಗ್ಲೂ ಹೇಳ್ತೀನಿ. ಸುಮ್ಮನೆ ಕೈ ಕುಲುಕಿ ಹೋಗಿಬಿಟ್ಟಿದ್ರೆ ಅವನು ಇನ್ನು ಈ ಕಣಿವೆಗೆ ಬರ್ತಿರಲಿಲ್ಲ. ಬರ್ತೀನಿ ಅಂದ. ಅವನ ಟ್ರಕ್ಕು ತಿರುವು ದಾಟೋ ತನಕ ಹಿಮದಲ್ಲೇ ನಿಂತು ದೇವರಿಗೆ ಇನ್ನೊಂದು ಸಲ ಸ್ತೋತ್ರ ಹೇಳಿದೆ. ಈ ಸಲ ಹೇಳು ಅಂತ ನನಗೆ ಯಾರೂ ಹೇಳಿರಲಿಲ್ಲ.

ಐಲ್ಸಾ